ನಲವತ್ತೈದು ಒತ್ತಿದರೆ ಒಂದು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಇಳಿಜಾರಿನ ಕಾಡಿನಲ್ಲಿ ಮರಗಳ ಬುಡ ಕಾಣುತ್ತಿದೆ, ತಲೆ ಕಾಣುತ್ತಿಲ್ಲ. ಒಂದು ಮರದಿಂದ ಮೂವತ್ತು ಮೀಟರ್ ದೂರದಲ್ಲಿ, ಕಾಲು ಜಾರದಂತೆ ಹಿಮ್ಮಡಿಯನ್ನು ಮಣ್ಣಿಗೆ ಒತ್ತಿಕೊಂಡು ನಿಂತ ಹೆಂಗಸು ಬೆಳಕಿಗೆ ಕಾಯುತ್ತಿದ್ದಾರೆ. ಬಲಗೈಯಲ್ಲಿ ಕೋನ ನೋಡುವ ಪುಟ್ಟ ಉಪಕರಣ. ಕೊರಳಿಂದ ಇಳಿದ ದಾರದ ತುದಿಯಲ್ಲಿ ಒಂದು ಕ್ಯಾಲ್ಕುಲೇಟರ್. ಅದರ ಗುಂಡಿಗಳ ಮೇಲಿನ ಅಕ್ಷರ ಅರ್ಧಕ್ಕರ್ಧ ಅಳಿಸಿಹೋಗಿದೆ. ಪರದೆಯ ಮೇಲಿನ ಮೂಲೆಯಲ್ಲಿ ಬಟಾಣಿ ಗಾತ್ರದ ಕಪ್ಪು ಕಲೆ.

"ಪಂಡಿತರು ಎದ್ರಾ ಅಕ್ಕಾ?" ಮರದ ಬುಡದಿಂದ ಕೂಗು ಬರುತ್ತದೆ.

"ಪಂಡಿತರು ಎದ್ದು ಅರ್ಧ ಗಂಟೆ ಆಯ್ತು. ನಿನ್ನ ಮರಾನೇ ಇನ್ನೂ ಎದ್ದಿಲ್ಲ."

ಪಂಡಿತ ಎಂದರೆ ಆ ಕ್ಯಾಲ್ಕುಲೇಟರ್. ಹೆಸರಿಟ್ಟವರು ದೂರ ಅಳೆಯುವ ಹಗ್ಗದ ಇನ್ನೊಂದು ತುದಿ ಹಿಡಿದು ನಿಂತ ಬಣ್ಣದಣ್ಣ. ಕಡಿಯಬೇಕಾದ ಮರಗಳಿಗೆ ಹಳದಿ ಪಟ್ಟಿ ಬಳಿದು ಸಂಖ್ಯೆ ಬರೆಯುವುದು ಅವರ ಕೆಲಸ. ಮರ ಅಳೆಯುವ ಈ ಹೆಂಗಸನ್ನು ಅರಣ್ಯ ಕಚೇರಿಯಲ್ಲಿ ಎಲ್ಲರೂ ಅಳತೆಯಕ್ಕ ಎನ್ನುತ್ತಾರೆ. ವಯಸ್ಸು ಐವತ್ತೆರಡು. ಇಪ್ಪತ್ತಾರು ವರ್ಷದಿಂದ ಅವರು ಮಾಡುತ್ತಿರುವುದು ಇದೊಂದೇ ಕೆಲಸ: ನಿಂತ ಮರವನ್ನು ಕಡಿಯದೆ, ಹತ್ತದೆ, ಅದರಲ್ಲಿ ಎಷ್ಟು ದಿಮ್ಮಿ ಇದೆ ಎಂದು ಹೇಳುವುದು.

ಆರು ಗಂಟೆ ಐದು ನಿಮಿಷಕ್ಕೆ ಮೊದಲ ದೊಡ್ಡ ಕೊಂಬೆ ಕಣ್ಣಿಗೆ ಬೀಳುತ್ತದೆ. ಅಳತೆಯಕ್ಕ ಉಪಕರಣವನ್ನು ಕಣ್ಣಿಗೆ ಹಿಡಿದು ಮೇಲೆ ನೋಡುತ್ತಾರೆ, ಒಂದು ಕೋನ ಹೇಳುತ್ತಾರೆ. ಬುಡ ನೋಡುತ್ತಾರೆ, ಇನ್ನೊಂದು ಕೋನ ಹೇಳುತ್ತಾರೆ. ಎರಡನ್ನೂ ಪುಸ್ತಕದಲ್ಲಿ ಬರೆದು, ಕ್ಯಾಲ್ಕುಲೇಟರಿಗೆ ಊಡುತ್ತಾರೆ. ಯಂತ್ರ ಎರಡು ಕ್ಷಣ ಸುಮ್ಮನಿದ್ದು ಎತ್ತರ ತೋರಿಸುತ್ತದೆ, ಇನ್ನೊಮ್ಮೆ ಒತ್ತಿದರೆ ಗಾತ್ರ, ಮತ್ತೊಮ್ಮೆ ಒತ್ತಿದರೆ ಇಲ್ಲಿಯವರೆಗಿನ ಮೊತ್ತ. ಇದು ನೂರ ತೊಂಬತ್ತೊಂಬತ್ತನೇ ಮರ. "ಆಯ್ತು, ಮುಂದಕ್ಕೆ" ಎನ್ನುತ್ತಾರೆ. ಇವತ್ತು ಅವರ ದನಿಯಲ್ಲಿ ಅವಸರ ಇದೆ, ಕೈಯಲ್ಲಿ ಇಲ್ಲ.

ಅವಸರಕ್ಕೆ ಕಾರಣ ಹತ್ತು ಗಂಟೆಗೆ ಬರಲಿರುವ ಲಾರಿ. ಅದರಲ್ಲಿ ಗರಗಸದವರು ಬರುತ್ತಾರೆ.

ಕಾಡಿನ ಈ ತುಂಡಿನಿಂದ ಈ ಸಲ ಆರುನೂರು ಘನ ಮೀಟರ್ ಮರ ತೆಗೆಯಲು ಅನುಮತಿ ಇದೆ. ಅದಕ್ಕಿಂತ ಹೆಚ್ಚಲ್ಲ. ಅಳತೆಯಕ್ಕ ಒಂದೊಂದೇ ಮರ ಅಳೆದು ಮೊತ್ತ ಕೂಡುತ್ತಾ ಹೋಗುತ್ತಾರೆ, ಬಣ್ಣದಣ್ಣ ಹಿಂದೆಯೇ ಪಟ್ಟಿ ಬಳಿಯುತ್ತಾರೆ. ಮೊದಲು ಬಾಗಿದವು, ರೋಗ ಹಿಡಿದವು, ಒಂದರ ಮೈಮೇಲೆ ಒಂದು ಬೆಳೆದವು. ಅವು ಮುಗಿದ ಮೇಲೆ ಒಳ್ಳೆಯ ಮರಗಳು. ಆರುನೂರು ತುಂಬಿಸುವ ಮರವೇ ಕೊನೆಯದು, ಅಲ್ಲಿಗೆ ಕುಂಚ ನಿಲ್ಲಬೇಕು. ಮೂರು ವಾರದ ಹಿಂದೆ ಅದು 285ನೇ ಮರಕ್ಕೆ ನಿಂತಿತು. ಪಟ್ಟಿ ಕಚೇರಿಗೆ ಹೋಯಿತು, ಸಹಿ ಆಯಿತು. ಆದರೆ ಆ ಲೆಕ್ಕ ತಪ್ಪಾಗಿತ್ತು. ಪ್ರತಿಯೊಂದು ಮರವೂ ಇದ್ದದ್ದಕ್ಕಿಂತ ಗಿಡ್ಡ ಎಂದು ಪುಸ್ತಕಕ್ಕೆ ಏರಿತ್ತು. ಗಿಡ್ಡ ಮರಗಳಿಂದ ಆರುನೂರು ತುಂಬಿಸಲು ಹೆಚ್ಚು ಮರ ಬೇಕಾದವು. ಹೀಗೆ ಮೂವತ್ತರ ಆಸುಪಾಸು ಒಳ್ಳೆಯ ಮರಗಳು ಸುಮ್ಮನೆ ಹಳದಿ ಪಟ್ಟಿ ಹೊತ್ತು ನಿಂತಿವೆ. ಅವು ನಿಂತಿರುವುದು ಇಳಿಜಾರಿನ ಮೇಲ್ತುದಿಯಲ್ಲಿ, ರಸ್ತೆಯ ಪಕ್ಕದಲ್ಲೇ. ಗರಗಸದವರು ಶುರು ಮಾಡುವುದೂ ಅಲ್ಲಿಂದಲೇ.

ತಪ್ಪು ಮಾಡಿದವರು ಅಳತೆಯಕ್ಕ. ಅದನ್ನು ಹಿಡಿದುಕೊಟ್ಟವರೂ ಅವರೇ.

ತಪ್ಪು ಗೊತ್ತಾದದ್ದು ಹೋದ ಬುಧವಾರ. ಲಾರಿಗೆ ದಾರಿ ಬಿಡಿಸಲು ಹದಿನೇಳನೇ ನಂಬರಿನ ಮರವನ್ನು ಮುಂಚಿತವಾಗಿ ಕಡಿಯಲಾಗಿತ್ತು. ಬಿದ್ದ ಮರದ ಮೇಲೆ ಟೇಪು ಎಳೆಯುವುದು ಬಣ್ಣದಣ್ಣನ ಅಭ್ಯಾಸ. ಯಾರೂ ಹೇಳಿದ್ದಲ್ಲ, ಸುಮ್ಮನೆ ಎಳೆಯುತ್ತಾರೆ. ಬುಡದಿಂದ ಮೊದಲ ದೊಡ್ಡ ಕೊಂಬೆಯವರೆಗೆ ಹದಿನೆಂಟು ಮೀಟರ್ ಹತ್ತು ಸೆಂಟಿಮೀಟರ್ ಬಂತು. ಪುಸ್ತಕ ತೆರೆದರೆ ಹದಿನಾರು.

"ನಾನು ತಮಾಷೆಗೆ ಕೇಳಿದೆ," ಎಂದು ಬಣ್ಣದಣ್ಣ ಈಗ ಹಗ್ಗ ಸುತ್ತುತ್ತಾ, ಲೇಖನಕ್ಕಾಗಿ ಜೊತೆಗೆ ಬಂದ ನಮಗೆ ಹೇಳುತ್ತಾರೆ. "'ಅಕ್ಕಾ, ಬಿದ್ಮೇಲೆ ಮರ ಉದ್ದ ಆಗುತ್ತಾ?' ಅಂದೆ. ಅಲ್ಲಿದ್ದೋರೆಲ್ಲ ನಕ್ಕರು. ಅಕ್ಕ ನಗ್ಲಿಲ್ಲ. ಅಲ್ಲೇ ದಿಮ್ಮಿ ಮೇಲೆ ಕೂತ್ಕೊಂಡು ಪಂಡಿತನ್ನ ಒತ್ತೋಕೆ ಶುರು ಮಾಡಿದ್ರು. ಮುಖ ನೋಡಿ ನಂಗೆ ಯಾಕಾದ್ರೂ ಟೇಪ್ ಎಳೆದ್ನೋ ಅನ್ನಿಸ್ತು."

ಅಳತೆಯಕ್ಕ ಅವತ್ತು ಒತ್ತಿದ್ದು ನಲವತ್ತೈದು, ಅದರ ಬೆನ್ನಿಗೆ ಟ್ಯಾನ್. ಶಾಲೆಯಲ್ಲಿ ತ್ರಿಕೋನಮಿತಿ ಓದಿದವರಿಗೆ ನೆನಪಿರಬಹುದು, ನಲವತ್ತೈದು ಡಿಗ್ರಿಯ ಟ್ಯಾನ್ ಸರಿಯಾಗಿ ಒಂದು. ಮರದ ಎತ್ತರವೂ ನೀವು ನಿಂತ ದೂರವೂ ಸಮ ಎಂದು ಅದರ ಅರ್ಥ. ಪರದೆಯ ಮೇಲೆ ಬಂದದ್ದು ಸೊನ್ನೆ ಬಿಂದು ಎಂಟು ಐದು ನಾಲ್ಕು.

ಏನಾಗಿತ್ತು ಎಂಬುದನ್ನು ಅವರು ಮರದಿಂದ ಮರಕ್ಕೆ ನಡೆಯುತ್ತಾ ವಿವರಿಸುತ್ತಾರೆ. ಒಂದು ಸುತ್ತನ್ನು 360 ಭಾಗ ಮಾಡಿದರೆ ಡಿಗ್ರಿ. ಅದೇ ಸುತ್ತನ್ನು 400 ಭಾಗ ಮಾಡುವ ಇನ್ನೊಂದು ಪದ್ಧತಿ ಇದೆ, ಅದಕ್ಕೆ ಗ್ರೇಡ್ ಎನ್ನುತ್ತಾರೆ. ರೇಡಿಯನ್ ಎಂಬ ಮೂರನೆಯದೂ ಇದೆ. ಕ್ಯಾಲ್ಕುಲೇಟರಿನಲ್ಲಿ ಈ ಮೂರಕ್ಕೂ ಒಂದೇ ಗುಂಡಿ. ಬ್ಯಾಟರಿ ಬದಲಿಸಿದಾಗ ಯಂತ್ರ ರೇಡಿಯನ್ನಿನಲ್ಲಿ ಏಳುತ್ತದೆ, ಒಂದು ಸಲ ಒತ್ತಿದರೆ ಗ್ರೇಡ್, ಎರಡು ಸಲ ಒತ್ತಿದರೆ ಡಿಗ್ರಿ. ಯಾವುದರಲ್ಲಿದೆ ಎಂದು ತೋರಿಸುವ ಅಕ್ಷರ ಪರದೆಯ ಮೂಲೆಯಲ್ಲಿ ಬರುತ್ತದೆ. ಆ ಮೂಲೆಯನ್ನೇ ನಾಲ್ಕು ವರ್ಷದ ಹಿಂದೆ ಕಪ್ಪು ಕಲೆ ನುಂಗಿದೆ.

"ಮೂರು ವಾರದ ಹಿಂದೆ ಮೊದಲ ಮರಕ್ಕೆ ಮುಂಚೆ ಬ್ಯಾಟರಿ ಹಾಕಿದೆ. ಎರಡು ಸಲ ಒತ್ತಿದೆ. ಗುಂಡಿ ಹಳೇದು, ಒಂದು ಸಲ ಮಾತ್ರ ತಗೊಂಡಿದೆ. ಬ್ಯಾಟರಿ ಹಾಕಿದ ಮೇಲೆ ನಲವತ್ತೈದು ಒತ್ತಿ ಒಂದು ಬಂತಾ ಅಂತ ನೋಡ್ಬೇಕು. ಇಪ್ಪತ್ತಾರು ವರ್ಷ ನೋಡಿದೀನಿ. ಅವತ್ತು ನೋಡ್ಲಿಲ್ಲ. ಯಾಕೆ ಅಂತ ಕೇಳ್ಬೇಡಿ. ಮಳೆ ಇರ್ಲಿಲ್ಲ, ಜ್ವರ ಇರ್ಲಿಲ್ಲ, ಯಾರೂ ಕರೀಲಿಲ್ಲ. ನೋಡ್ಲಿಲ್ಲ, ಅಷ್ಟೇ."

ಮುಂದಿನ ಮರದತ್ತ ನಡೆಯುತ್ತಾ ಮತ್ತೆ ಹೇಳುತ್ತಾರೆ: "ರೇಡಿಯನ್ನಲ್ಲೇ ಉಳಿದಿದ್ರೆ ಚೆನ್ನಾಗಿತ್ತು. ಒಂದು ಮರ ನಾಲ್ಕು ಮೀಟರ್, ಇನ್ನೊಂದು ಮೈನಸ್ ಎಂಬತ್ತು ಅಂತ ಬರ್ತಿತ್ತು. ಯಾರಿಗಾದ್ರೂ ಗೊತ್ತಾಗ್ತಿತ್ತು. ಗ್ರೇಡ್ ಹಾಗಲ್ಲ. ಮರ್ಯಾದಸ್ಥರ ಥರ ಸುಳ್ಳು ಹೇಳುತ್ತೆ. ಹದಿನೆಂಟಕ್ಕೆ ಹದಿನಾರು ಅನ್ನುತ್ತೆ, ನಾವು ಹೌದು ಅಂತೀವಿ."

ಸುತ್ತಳತೆಗಳು ಟೇಪಿನಿಂದ ತೆಗೆದವು, ಅವು ಸರಿ ಇವೆ. ಎತ್ತರ ಮಾತ್ರ ಮತ್ತೆ ತೆಗೆಯಬೇಕು. ಕೋನಗಳನ್ನು ಬರೆದಿಟ್ಟಿದ್ದರೆ ಮನೆಯಲ್ಲಿ ಕೂತೇ ಸರಿಪಡಿಸಬಹುದಿತ್ತು. ಅವರು ಬರೆದಿಟ್ಟದ್ದು ಯಂತ್ರ ಕೊಟ್ಟ ಎತ್ತರವನ್ನಷ್ಟೇ. ಹಾಗಾಗಿ ಶನಿವಾರ, ಭಾನುವಾರ ಇಬ್ಬರೂ ಕತ್ತಲಾಗುವವರೆಗೆ ಇದೇ ಇಳಿಜಾರಿನಲ್ಲಿದ್ದರು. ಎರಡು ದಿನಕ್ಕೆ 198 ಮರ. ಅಲ್ಲಿಗೆ ಮೊತ್ತ 472.6. ಹೊಸ ಪುಸ್ತಕದಲ್ಲಿ ಈಗ ಕೋನಗಳಿಗೆ ಎರಡು ಕಾಲಂ ಇವೆ. ಸ್ಕೇಲು ಸಿಗದೆ ಬಣ್ಣದ ಡಬ್ಬಿಯ ಅಂಚಿಟ್ಟು ಗೆರೆ ಎಳೆದದ್ದರಿಂದ ಅವು ಕೊಂಚ ಸೊಟ್ಟಗಿವೆ.

"ರಜೆ ದಿನ ಎಲ್ಲಿಗೆ ಹೊರಟ್ರಿ ಅಂತ ಹೆಂಡತಿ ಕೇಳಿದ್ಳು," ಎನ್ನುತ್ತಾರೆ ಬಣ್ಣದಣ್ಣ. "ಅಕ್ಕ ಮಾಡಿದ ತಪ್ಪಿಗೆ ನಂಗೆ ಶಿಕ್ಷೆ ಅಂದೆ."

"ನೀನು ಟೇಪ್ ಎಳೆದಿದ್ದಕ್ಕೆ ಶಿಕ್ಷೆ," ಎನ್ನುತ್ತಾರೆ ಅಳತೆಯಕ್ಕ. "ಹಗ್ಗ ಬಿಗಿ ಹಿಡಿ."

ಅಳತೆಯಕ್ಕ ಕಾಡಿಗೆ ಬಂದದ್ದು ಮೇಜಿನ ಹಿಂದಿನಿಂದ. ಕಾಲೇಜಿನಲ್ಲಿ ಎರಡು ವರ್ಷ ಗಣಿತ ಓದಿ, ಮುಂದೆ ಓದಲಾಗದೆ, ಅರಣ್ಯ ಕಚೇರಿಯಲ್ಲಿ ನಕಲು ಬರೆಯುವ ಕೆಲಸಕ್ಕೆ ಸೇರಿದರು. ಅಳತೆಗೆ ಹೋದ ಗಂಡಸರು ಸುತ್ತಳತೆ, ಎತ್ತರ ಬರೆದ ಹಾಳೆಗಳನ್ನು ತಂದು ಅವರ ಮುಂದೆ ಹಾಕುತ್ತಿದ್ದರು. ಒಂದು ದಪ್ಪ ಕೋಷ್ಟಕ ಪುಸ್ತಕದಲ್ಲಿ ಬೆರಳಿಟ್ಟು ಹುಡುಕಿ ಪ್ರತಿ ಮರದ ಗಾತ್ರ ಬರೆಯಬೇಕು. ದಿನಕ್ಕೆ ಮುನ್ನೂರು ಸಾಲು. ಪುಸ್ತಕದ ಮೂವತ್ತನೇ ಪುಟದಿಂದ ಮುಂದೆ ಎಲ್ಲ ಹಾಳೆಗಳ ಅಂಚೂ ಅವರ ಬೆರಳಿನ ಬೆವರಿಗೆ ಕಂದು ಬಣ್ಣಕ್ಕೆ ತಿರುಗಿತ್ತಂತೆ.

ಕ್ಯಾಲ್ಕುಲೇಟರ್ ಕಚೇರಿಯ ಕಪಾಟಿನಲ್ಲಿ ಎರಡು ವರ್ಷ ಪೆಟ್ಟಿಗೆಯಲ್ಲೇ ಇತ್ತು. ತರಬೇತಿಗೆ ಹೋದ ಹಳೆಯ ಅಳತೆಗಾರರೊಬ್ಬರು ತಂದಿದ್ದು. ಗುಂಡಿಯ ಅಕ್ಷರ ತಮ್ಮ ಕಣ್ಣಿಗೆ ಕಾಣುವುದಿಲ್ಲ ಎಂದು ಇಟ್ಟುಬಿಟ್ಟಿದ್ದರು. "ಅದಕ್ಕೆ ನಾವೇ ಸೂತ್ರ ಕಲಿಸಬಹುದು ಅಂತ ಪೆಟ್ಟಿಗೆ ಮೇಲೆ ಬರೆದಿತ್ತು. ನಂಗೆ ಅದು ಆಶ್ಚರ್ಯ. ಯಂತ್ರ ನಮಗೆ ಕಲಿಸೋದು ಗೊತ್ತು, ನಾವು ಯಂತ್ರಕ್ಕೆ ಕಲಿಸೋದಾ? ಕೈಪಿಡಿ ಬೇರೆ ಭಾಷೇಲಿತ್ತು. ನಿಘಂಟು ಇಟ್ಕೊಂಡು ನಾಲ್ಕು ತಿಂಗಳು ಓದಿದೆ."

ನಾಲ್ಕು ತಿಂಗಳ ಕೊನೆಗೆ ಎಪ್ಪತ್ತನಾಲ್ಕು ಹಂತಗಳ ಒಂದು ಕ್ರಮವಿಧಿ ತಯಾರಾಯಿತು. ದೂರ, ಎರಡು ಕೋನ, ಸುತ್ತಳತೆ ಕೊಟ್ಟರೆ ಎತ್ತರ ತೆಗೆದು, ತೊಗಟೆಯ ದಪ್ಪ ಕಳೆದು, ಮೇಲೆ ಹೋದಂತೆ ಕಾಂಡ ಸಣ್ಣದಾಗುವುದಕ್ಕೆ ರಿಯಾಯಿತಿ ಕೊಟ್ಟು ಗಾತ್ರ ಹೇಳುವ ಕ್ರಮ. ಕಚೇರಿಯಲ್ಲಿ ಯಾರೂ ನಂಬಲಿಲ್ಲ. ಗರಗಸದ ಕಾರ್ಖಾನೆಯ ಅಂಗಳದಲ್ಲಿ ಬಿದ್ದಿದ್ದ ಅರವತ್ತು ದಿಮ್ಮಿಗಳನ್ನು ತುಂಡು ತುಂಡಾಗಿ ಟೇಪಿನಲ್ಲಿ ಅಳೆದು ತಾಳೆ ನೋಡಿದರು. ನೂರಕ್ಕೆ ಮೂರು ಹೆಚ್ಚುಕಡಿಮೆ ಬಂತು. ಕೋಷ್ಟಕ ಪುಸ್ತಕದ ಲೆಕ್ಕ ನೂರಕ್ಕೆ ಎಂಟು ತಪ್ಪುತ್ತಿತ್ತು.

ಆಗ ಅವರಿಗೆ ಇನ್ನೊಂದು ಅನುಮಾನ ಬಂತು. ಲೆಕ್ಕ ಸರಿ, ಆದರೆ ಗಂಡಸರು ತರುವ ಅಳತೆ ಸರಿಯೇ? ಇಳಿಜಾರಿನಲ್ಲಿ ಸುತ್ತಳತೆಯನ್ನು ಮರದ ಮೇಲ್ಬದಿಯ ನೆಲದಿಂದ ಒಂದು ಮೀಟರ್ ಮೂವತ್ತು ಸೆಂಟಿಮೀಟರ್ ಎತ್ತರದಲ್ಲಿ ತೆಗೆಯಬೇಕು. ಕೆಳಬದಿಯಲ್ಲಿ ನಿಂತು ತೆಗೆದರೆ ಬುಡದ ಉಬ್ಬು ಸೇರಿ ಮರ ದಪ್ಪವಾಗಿಬಿಡುತ್ತದೆ. ನಿಲ್ಲಲು ಕೆಳಬದಿಯೇ ಹಿತ, ಎಲ್ಲರೂ ಅಲ್ಲೇ ನಿಲ್ಲುತ್ತಿದ್ದರು. "ನಾನೇ ಹೋಗ್ತೀನಿ ಅಂದೆ. ಹೆಂಗಸರ ಕೈಲಿ ಇಳಿಜಾರು ಹತ್ತೋಕಾಗಲ್ಲ ಅಂದ್ರು. ಹತ್ತೋದು ಕಷ್ಟ ಅಲ್ಲ ಸಾರ್, ಮೇಲ್ಬದೀಲಿ ನಿಲ್ಲೋದು ಕಷ್ಟ, ಅದನ್ನ ನಿಮ್ಮ ಗಂಡಸರೂ ಮಾಡ್ತಿಲ್ಲ ಅಂದೆ. ಕಳಿಸಿದ್ರು."

ಎದೆ ಮಟ್ಟದ ಆ ಎತ್ತರಕ್ಕೆ ಕತ್ತರಿಸಿದ ಕೋಲು ಈಗಲೂ ಅವರ ಕೈಯಲ್ಲಿದೆ. ಇದು ಏಳನೆಯದು. ಹಿಂದಿನವು ತುದಿ ಸವೆದು ಗಿಡ್ಡವಾದ ಕೂಡಲೇ ಒಲೆಗೆ ಹೋದವು. ಮನೆಯ ಕಪಾಟಿನಲ್ಲಿ ಎಪ್ಪತ್ತೊಂದು ಅಳತೆ ಪುಸ್ತಕಗಳಿವೆ. ಎಲ್ಲ ಸೇರಿ ಒಂದು ಲಕ್ಷ ತೊಂಬತ್ತು ಸಾವಿರದಷ್ಟು ಮರ ಆಗಬಹುದು ಎಂಬುದು ಅವರ ಅಂದಾಜು. ಬಲ ಮೊಣಕಾಲಿನಲ್ಲಿ ಹಳೆಯ ಪೆಟ್ಟಿದೆ. ಕಣಜದ ಗೂಡಿಗೆ ಕೋಲು ತಗುಲಿ ಓಡುವಾಗ ಬಿದ್ದದ್ದು. ಆಗಲೂ ಪುಸ್ತಕ ಬಿಡಲಿಲ್ಲ ಎಂದು ಬಣ್ಣದಣ್ಣ ಹೇಳಿದರೆ, "ಬಿಡೋಕೆ ಟೈಮ್ ಎಲ್ಲಿತ್ತು?" ಎನ್ನುತ್ತಾರೆ.

ಮನೆಯಲ್ಲಿ ಕ್ಯಾಲ್ಕುಲೇಟರಿನ ಆರೈಕೆ ಗಂಡನದು. ಅವರು ಶಾಲಾ ಬಸ್ಸಿನ ಚಾಲಕ. ಅಡುಗೆಮನೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಬ್ಯಾಟರಿ ಕೂರುವ ತಗಡಿನ ನಾಲಿಗೆಗಳನ್ನು ಮಕ್ಕಳು ಬಳಸುವ ರಬ್ಬರಿನಿಂದ ಉಜ್ಜುತ್ತಾರೆ. ರಬ್ಬರಿನ ಒಂದು ತುಂಡನ್ನು ಹೆಂಡತಿಯ ಕೈಚೀಲಕ್ಕೂ ಹಾಕಿ ಕಳಿಸುತ್ತಾರೆ. "ಬಸ್ಸಿನ ಎಂಜಿನ್‌ಗೂ ಇಷ್ಟು ಮಾಡಿಲ್ಲ ನಾನು," ಎಂದು ಹಿಂದಿನ ಸಂಜೆ ಅವರು ಹೇಳಿದ್ದರು. "ಮಗಳು ಸಣ್ಣವಳಿದ್ದಾಗ ಇವಳು ಅವಳ ಎತ್ತರಾನೂ ಅಂಗಳದ ಆ ತುದೀಲಿ ನಿಂತು ಕೋನ ಹಿಡಿದೇ ನೋಡ್ತಿದ್ಳು. ಗೋಡೆಗೆ ನಿಲ್ಲಿಸಿ ಗೆರೆ ಎಳೆದ್ರೆ ಆಗಲ್ವಾ ಅಂದ್ರೆ, 'ರೀ, ಅದು ಮೋಸ' ಅಂತಿದ್ಳು." ಬುಧವಾರ ಹೆಂಡತಿ ಮನೆಗೆ ಬಂದು ಊಟ ಬೇಡ ಎಂದಾಗ ಮೊದಲು ಮೊಣಕಾಲು ನೋವಿರಬೇಕು ಎಂದುಕೊಂಡರಂತೆ. "ಮೂವತ್ತು ಮರ ರೀ, ಅಂದ್ಳು. ಅಷ್ಟೇ ಹೇಳಿದ್ದು."

ಗುರುವಾರ ಅಳತೆಯಕ್ಕ ಅರಣ್ಯಾಧಿಕಾರಿಯ ಮುಂದೆ ನಿಂತರು. ಅಧಿಕಾರಿ ಚಿಕ್ಕ ವಯಸ್ಸಿನವರು, ಈ ಕಚೇರಿಗೆ ಬಂದು ಮೂರು ವರ್ಷ. ಕೆಟ್ಟವರಲ್ಲ, ಆದರೆ ಸಹಿಯಾದ ಪಟ್ಟಿಯನ್ನು ತಿದ್ದುವುದು ಯಾರಿಗೂ ಇಷ್ಟದ ಕೆಲಸವಲ್ಲ. "ಅಮ್ಮಾ, ಮರ ಹೆಚ್ಚು ಬಂದ್ರೆ ಯಾರು ದೂರು ಕೊಡ್ತಾರೆ? ಕಡಿಮೆ ಬಂದ್ರೆ ತಾನೇ ತೊಂದರೆ?" ಎಂದು ಕೇಳಿದರಂತೆ.

"ಕಡಿಮೆ ಬಂದ್ರೆ ಇನ್ನೊಂದು ಮರ ಕಡೀಬಹುದು ಸಾರ್. ಹೆಚ್ಚು ಬಂದ್ರೆ ಏನ್ ಮಾಡ್ತೀರಿ? ಎತ್ತಿ ನಿಲ್ಲಿಸ್ತೀರಾ?" ಎಂದರಂತೆ ಅಳತೆಯಕ್ಕ.

ಅಧಿಕಾರಿ ಒಂದು ದಾರಿ ಹೇಳಿದರು. ಬಾಯಿಮಾತಿನ ಮೇಲೆ ಪಟ್ಟಿ ಬದಲಾಗುವುದಿಲ್ಲ. ಒಂದನೇ ಮರದಿಂದ ಮತ್ತೆ ಅಳೆದು, ಮೊತ್ತ ಆರುನೂರು ದಾಟುವ ಮರ ಯಾವುದು ಎಂದು ಸಹಿ ಹಾಕಿ ಕೊಡಬೇಕು. ಸೋಮವಾರ ಲಾರಿ ಬರುವ ಹೊತ್ತಿಗೆ ಅದು ಕೈಯಲ್ಲಿದ್ದರೆ ಮಿಕ್ಕ ಮರ ಉಳಿಯುತ್ತವೆ. ಇಲ್ಲದಿದ್ದರೆ ಹಳೆಯ ಪಟ್ಟಿಯೇ ಪಟ್ಟಿ. ಶುಕ್ರವಾರ ಆ ಆದೇಶ ಕಾಗದದ ಮೇಲೆ ಬಂತು.

ಎಂಟು ಗಂಟೆ ಹದಿನೆಂಟು ನಿಮಿಷ. 231ನೇ ಮರ ಮುಗಿದಿದೆ. ಮೊತ್ತ 551.9. ಇನ್ನು ಇಪ್ಪತ್ತು ಮರದೊಳಗೆ ಆರುನೂರು ಎಂದು ಬಣ್ಣದಣ್ಣ ಬೆರಳು ಮಡಿಸಿ ಎಣಿಸುತ್ತಾರೆ. ಅಷ್ಟರಲ್ಲಿ ಪರದೆಯ ಅಂಕಿಗಳು ಮಸುಕಾಗುತ್ತವೆ. ಅಳತೆಯಕ್ಕ ಯಂತ್ರವನ್ನು ಓರೆ ಮಾಡಿ ನೋಡುತ್ತಾರೆ, ಅಂಗೈಯಲ್ಲಿ ಮುಚ್ಚಿ ಬಿಸಿ ಮಾಡಿ ನೋಡುತ್ತಾರೆ. ಮೂರು ದಿನದಲ್ಲಿ ಸಾವಿರಾರು ಸಲ ಒತ್ತಿಸಿಕೊಂಡ ಬ್ಯಾಟರಿ ಮುಗಿದಿದೆ.

ಬಣ್ಣದಣ್ಣ ಹಗ್ಗ ಕೆಳಗಿಟ್ಟು ಬರುತ್ತಾರೆ. "ಸಾಹೇಬ್ರ ಫೋನಲ್ಲಿ ಮರ ಅಳೆಯೋದು ಇದೆಯಂತಲ್ಲ ಅಕ್ಕಾ. ಅವರು ಬಂದ ಕೂಡಲೇ ಇಸ್ಕೊಳ್ಳೋಣ."

"ಫೋನ್ ಕೆಟ್ಟದ್ದಲ್ಲ. ಬಯಲಲ್ಲಿ ಚೆನ್ನಾಗಿ ಹೇಳುತ್ತೆ. ಇಲ್ಲಿ ಅದಕ್ಕೆ ಕೊಂಬೆ ಯಾವುದು, ಹಿಂದಿನ ಮರ ಯಾವುದು ಗೊತ್ತಾಗಲ್ಲ. ಅವರು ಬರೋದೂ ಲಾರಿ ಜೊತೆಗೇ. ಹಗ್ಗ ತುಳೀಬೇಡ, ಆ ಕಡೆ ಕೂತ್ಕೋ."

ಈ ಯಂತ್ರದಲ್ಲಿ ಬ್ಯಾಟರಿ ಮೂರು, ಅಂಗಿ ಗುಂಡಿಯಷ್ಟು ಗಾತ್ರದವು. ಒಂದೊಂದನ್ನೇ ತೆಗೆದು, ಐದು ಕ್ಷಣದೊಳಗೆ ಹೊಸದು ಕೂರಿಸಿದರೆ ಒಳಗಿನ ಕ್ರಮವಿಧಿ ಕೆಲವೊಮ್ಮೆ ಉಳಿಯುತ್ತದೆ. ಅಳತೆಯಕ್ಕ ಬಂಡೆಯೊಂದರ ಮೇಲೆ ಕರವಸ್ತ್ರ ಹಾಸುತ್ತಾರೆ, ಉಸಿರು ಹಿಡಿದು ಮೊದಲನೆಯದನ್ನು ಬದಲಿಸುತ್ತಾರೆ. ಎರಡನೆಯದೂ ಆಗುತ್ತದೆ. ಮೂರನೆಯದು ಉಗುರಿನಿಂದ ಜಾರಿ ಕರವಸ್ತ್ರದ ಮಡಿಕೆಯೊಳಗೆ ಹೋಗುತ್ತದೆ. ಹುಡುಕಿ ಕೂರಿಸುವಾಗ ಪರದೆ ಖಾಲಿ. ಎಪ್ಪತ್ತನಾಲ್ಕು ಹಂತವೂ ಹೋಗಿದೆ. ಮೊತ್ತವೂ ಹೋಗಿದೆ, ಆದರೆ ಅದು ಈ ಸಲ ಪುಸ್ತಕದಲ್ಲಿದೆ.

ಮುಂದಿನ ಹದಿನೈದು ನಿಮಿಷ ಆ ಹಂತಗಳನ್ನೆಲ್ಲ ಮತ್ತೆ ಒತ್ತಿ ತುಂಬುವ ಕೆಲಸ. ಬಣ್ಣದಣ್ಣ ಬೆನ್ನು ತಿರುಗಿಸಿ ಕೂತಿದ್ದಾರೆ, ನೋಡಿದರೂ ಅಡ್ಡಿ ಎಂಬಂತೆ. ಅಳತೆಯಕ್ಕನ ಹೆಬ್ಬೆರಳು ಅಕ್ಷರವಿಲ್ಲದ ಗುಂಡಿಗಳ ಮೇಲೆ ಒಂದೇ ವೇಗದಲ್ಲಿ ಓಡಾಡುತ್ತದೆ. ತುಟಿ ಅಲ್ಲಾಡುತ್ತಿದೆ. ಹಂತಗಳನ್ನು ಬರೆದ ಚೀಟಿ ಕೈಚೀಲದಲ್ಲಿದೆ, ಅವರು ತೆಗೆಯುವುದಿಲ್ಲ. ಐವತ್ತೆರಡನೇ ಹಂತಕ್ಕೆ ಒಮ್ಮೆ ನಿಲ್ಲುತ್ತಾರೆ, ಎರಡು ಹಿಂದೆ ಹೋಗುತ್ತಾರೆ, ಮತ್ತೆ ಮುಂದುವರಿಯುತ್ತಾರೆ. ಎಲ್ಲ ಮುಗಿದ ಮೇಲೆ ಡಿಗ್ರಿಗೆ ತರುವ ಆ ಗುಂಡಿ. ಒಮ್ಮೆ ಒತ್ತಿ ಎತ್ತುತ್ತಾರೆ. ಇನ್ನೊಮ್ಮೆ ಒತ್ತಿ ಎತ್ತುತ್ತಾರೆ.

ಆಮೇಲೆ ನಲವತ್ತೈದು. ಟ್ಯಾನ್.

ಪರದೆಯ ಮೇಲೆ ಒಂದು.

ಅವರು ಅದನ್ನು ನೋಡುತ್ತಾ ಕೂರುತ್ತಾರೆ. ಅಳಿಸಿ, ಮತ್ತೆ ನಲವತ್ತೈದು ಒತ್ತುತ್ತಾರೆ. ಮತ್ತೆ ಒಂದು. ಬಣ್ಣದಣ್ಣನನ್ನು ಕರೆದು ತೋರಿಸುತ್ತಾರೆ. "ಎಷ್ಟು ಹೇಳು."

"ಒಂದು ಅಕ್ಕಾ."

"ಸರಿ ನೋಡು."

"ಒಂದನ್ನ ಇನ್ನೆಷ್ಟು ಸರಿ ನೋಡೋದು? ಒಂದೇ ಅದು."

ಪುಸ್ತಕದ ಅಂಚಿನಲ್ಲಿ "8.40, ಬ್ಯಾಟರಿ, 45=1" ಎಂದು ಬರೆದು, ಹಳೆಯ ಮೊತ್ತವನ್ನು ಯಂತ್ರಕ್ಕೆ ತುಂಬಿ ಏಳುತ್ತಾರೆ. ಮೊಣಕಾಲು ಒಂದು ಕ್ಷಣ ಒಪ್ಪುವುದಿಲ್ಲ, ಕೋಲು ಊರಿ ನಿಲ್ಲುತ್ತಾರೆ. ಇನ್ನು ಒಂದು ಗಂಟೆ ಇಪ್ಪತ್ತು ನಿಮಿಷ. ಮರಕ್ಕೆ ನಾಲ್ಕು ನಿಮಿಷದ ಲೆಕ್ಕದಲ್ಲಿ ಸರಿಯಾಗಿ ಇಪ್ಪತ್ತು ಮರ. ಅದಕ್ಕಿಂತ ಒಂದು ಹೆಚ್ಚಾದರೂ ಕಷ್ಟ. 

240ಕ್ಕೆ 573.5. ಇಲ್ಲಿಂದ ಮೇಲೆ ಮರಗಳು ನೆಟ್ಟಗಿವೆ, ದಪ್ಪಗಿವೆ. ಬಣ್ಣದಣ್ಣ ಹಗ್ಗ ಹಿಡಿದು ಓಡಲು ನೋಡುತ್ತಾರೆ. "ಓಡ್ಬೇಡ. ಹಗ್ಗ ಜೋತು ಬಿದ್ರೆ ದೂರ ತಪ್ಪುತ್ತೆ," ಎಂಬ ದನಿ ಹಿಂದಿನಿಂದ ಬರುತ್ತದೆ. 244ನೇ ಮರದ ಕೊಂಬೆ ಪಕ್ಕದ ಮರದ ಎಲೆಗಳ ಹಿಂದೆ ಅಡಗಿದೆ. ಅಳತೆಯಕ್ಕ ಜಾಗ ಬದಲಿಸಿ, ಹಗ್ಗವನ್ನು ಮತ್ತೆ ಬಿಗಿ ಮಾಡಿಸಿ ನೋಡುತ್ತಾರೆ. ಏಳು ನಿಮಿಷ ಹೋಗುತ್ತದೆ. ಅಂದಾಜು ಬರೆದು ಮುಂದೆ ಹೋಗಬಹುದಿತ್ತು, ಹಾಗೆ ಮಾಡುವುದಿಲ್ಲ. ಮುಂದಿನ ಮೂರು ಮರ ಬಯಲಿನಂಥ ಜಾಗದಲ್ಲಿ ಇವೆ, ಕಳೆದ ಹೊತ್ತು ಅಲ್ಲಿ ಸಿಗುತ್ತದೆ.

ಒಂಬತ್ತು ಐವತ್ತಕ್ಕೆ ರಸ್ತೆಯ ತಿರುವಿನಲ್ಲಿ ಲಾರಿ ಗೇರು ಬದಲಿಸುವ ಸದ್ದು ಕೇಳುತ್ತದೆ. 250ಕ್ಕೆ ಮೊತ್ತ 598.3. ಅಳತೆಯಕ್ಕ ಮುಂದಿನ ಮರದ ಮೇಲ್ಬದಿಗೆ ಹತ್ತುತ್ತಾರೆ. ಮೇಲೆ ನೋಡುತ್ತಾರೆ, ಬರೆಯುತ್ತಾರೆ. ಕೆಳಗೆ ನೋಡುತ್ತಾರೆ, ಬರೆಯುತ್ತಾರೆ. ಎತ್ತರ ಹದಿನೆಂಟು ಬಿಂದು ನಾಲ್ಕು. ಗಾತ್ರ ಎರಡೂವರೆ. ಮೊತ್ತದ ಗುಂಡಿ ಒತ್ತುತ್ತಾರೆ. 600.8.

"ಮುಂದಿನದು?" ಎಂದು ಬಣ್ಣದಣ್ಣ ಕೂಗುತ್ತಾರೆ.

"ಮುಂದಿನದು ಇಲ್ಲ."

ಬಣ್ಣದಣ್ಣ ಹಗ್ಗವನ್ನು ಅಲ್ಲೇ ಬಿಟ್ಟು ಕಪ್ಪು ಬಣ್ಣದ ಡಬ್ಬಿ ಎತ್ತಿಕೊಂಡು ರಸ್ತೆಯ ಕಡೆ ಹತ್ತುತ್ತಾರೆ. ಈಗ ಓಡಬೇಡ ಎಂದು ಯಾರೂ ಹೇಳುವುದಿಲ್ಲ. 285ನೇ ಮರದ ಹಳದಿ ಪಟ್ಟಿಯ ಮೇಲೆ ಕಪ್ಪು ಕುಂಚ ಬೀಳುವಾಗ ಲಾರಿಯಿಂದ ಮೊದಲ ಗರಗಸ ಕೆಳಗಿಳಿಯುತ್ತಿದೆ. "ಇದೇನಣ್ಣ, ಬಳಿದಿದ್ದನ್ನೇ ಅಳಿಸ್ತಿದೀಯಾ?" ಎಂದು ಗರಗಸದವರೊಬ್ಬರು ಕೇಳುತ್ತಾರೆ. "ಈ ಕಡೆ ಮೂವತ್ನಾಲ್ಕು ಮುಟ್ಟಂಗಿಲ್ಲ. ನೀವು ಕೆಳಗಿಂದ ಶುರು ಮಾಡ್ಕೊಂಡ್ ಬನ್ನಿ," ಎನ್ನುತ್ತಾರೆ ಬಣ್ಣದಣ್ಣ, ಕುಂಚ ನಿಲ್ಲಿಸದೆ.

ಲಾರಿಯ ಹಿಂದೆಯೇ ಬಂದ ಅರಣ್ಯಾಧಿಕಾರಿ ಪುಸ್ತಕದ ಹಾಳೆಗಳನ್ನು ತಿರುವಿ ನೋಡುತ್ತಾರೆ. ಕೋನದ ಕಾಲಂಗಳ ಮೇಲೆ ಬೆರಳಾಡಿಸುತ್ತಾರೆ. ತಮ್ಮ ವಾಹನದ ಮೂತಿಯ ಮೇಲೆ ತಿದ್ದುಪಡಿಯ ನಮೂನೆ ಹರಡುತ್ತಾರೆ. ಹಳೆಯ ಸಂಖ್ಯೆ 285, ಹೊಸ ಸಂಖ್ಯೆ 251. ಅದರ ಕೆಳಗೆ "ವ್ಯತ್ಯಾಸಕ್ಕೆ ಕಾರಣ" ಎಂಬ ಖಾನೆ. ಅಲ್ಲಿ ಅವರು ಮೊದಲೇ ಪೆನ್ಸಿಲಿನಲ್ಲಿ "ಯಂತ್ರದೋಷ" ಎಂದು ಬರೆದು ತಂದಿದ್ದಾರೆ. ಯಂತ್ರದೋಷವಾದರೆ ಯಾರ ಕಡತಕ್ಕೂ ಏನೂ ಸೇರುವುದಿಲ್ಲ. ಅಳೆದವರ ತಪ್ಪಾದರೆ ಸೇವಾ ಪುಸ್ತಕದಲ್ಲಿ ಒಂದು ಸಾಲು ಬೀಳುತ್ತದೆ, ಒಂದು ವರ್ಷ ಅವರ ಪ್ರತಿಯೊಂದು ಅಳತೆಯನ್ನೂ ಇನ್ನೊಬ್ಬರು ಪರಿಶೀಲಿಸುತ್ತಾರೆ.

"ಅದರ ಮೇಲೇ 'ಯಂತ್ರದೋಷ' ಅಂತ ಪೆನ್ನಲ್ಲಿ ಬರೆದು ಸಹಿ ಹಾಕಿಬಿಡಿ ಅಮ್ಮಾ. ಗುಂಡಿ ಹಳೇದು ತಾನೇ? ಸುಳ್ಳೇನಲ್ಲ," ಎನ್ನುತ್ತಾರೆ. ಅಳತೆಯಕ್ಕ ಅದನ್ನೇ ಓದುತ್ತಿದ್ದಂತೆ ಅಧಿಕಾರಿ ನಮ್ಮ ಕಡೆ ತಿರುಗಿ ಮೆಲ್ಲಗೆ ಹೇಳುತ್ತಾರೆ: "ಇಪ್ಪತ್ತಾರು ವರ್ಷದಲ್ಲಿ ಇವರ ಲೆಕ್ಕದ ಮೇಲೆ ಒಂದು ಆಕ್ಷೇಪಣೆ ಬಂದಿಲ್ಲ. ಈಗ ಬಂದ ಮೊದಲನೇದನ್ನೂ ಇವರೇ ಬರೆದು ಕೊಟ್ಟಿದಾರೆ."

ಅಳತೆಯಕ್ಕ ಕೈಚೀಲದಲ್ಲಿ ತಡಕುತ್ತಾರೆ. ಗಂಡ ಕೊಟ್ಟ ರಬ್ಬರಿನ ತುಂಡು ಸಿಗುತ್ತದೆ. ತಗಡಿನ ನಾಲಿಗೆ ಉಜ್ಜಿ ಒಂದು ಬದಿ ಕಪ್ಪಾಗಿದೆ, ಬಿಳಿ ಬದಿಯಿಂದ "ಯಂತ್ರದೋಷ"ವನ್ನು ಅಳಿಸುತ್ತಾರೆ. ಪುಡಿ ಊದಿ, ಪೆನ್ನಿನಲ್ಲಿ ಬರೆಯುತ್ತಾರೆ: "ಅಳೆದವರ ತಪ್ಪು. ಬ್ಯಾಟರಿ ಹಾಕಿದ ನಂತರ ನಲವತ್ತೈದರ ಪರೀಕ್ಷೆ ಮಾಡಿರಲಿಲ್ಲ."

"ಗುಂಡಿ ಹಳೇದು ಅಂತ ನಂಗೆ ಗೊತ್ತಿತ್ತಲ್ಲ ಸಾರ್," ಎನ್ನುತ್ತಾರೆ. "ಗೊತ್ತಿದ್ದಕ್ಕೇ ತಾನೇ ಆ ಪರೀಕ್ಷೆ ಇಟ್ಕೊಂಡಿದ್ದು?"

ಅಧಿಕಾರಿ ಸಹಿ ಹಾಕುತ್ತಾರೆ. ಕೆಳಗಡೆ ಮೊದಲ ಗರಗಸ ಚಾಲೂ ಆಗುತ್ತದೆ. ಮೇಲುಗಡೆ ಬಣ್ಣದಣ್ಣ ಹದಿಮೂರನೇ ಮರದಲ್ಲಿದ್ದಾರೆ, ಇನ್ನೂ ಇಪ್ಪತ್ತೊಂದಕ್ಕೆ ಕಪ್ಪು ಬಳಿಯಬೇಕು. ಅಳತೆಯಕ್ಕ ಬಂಡೆಯ ಮೇಲೆ ಕೂತು ಕ್ಯಾಲ್ಕುಲೇಟರನ್ನು ಕರವಸ್ತ್ರದಲ್ಲಿ ಸುತ್ತುತ್ತಾರೆ. ಬರುವ ವರ್ಷ ಎಲ್ಲರಿಗೂ ಹೊಸ ಉಪಕರಣ ಬರಲಿದೆ ಎಂಬ ಸುದ್ದಿ ಇದೆ. ಬೇಸರವೇ ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಾರೆ. ಬೇರೆ ಆಸೆ ಏನಾದರೂ ಇದೆಯೇ ಎಂದರೆ ಮರಗಳ ಕಡೆ ಒಮ್ಮೆ ನೋಡುತ್ತಾರೆ.

"ನಮೂನೇಲಿ ಮೇಲುಗಡೆ ಒಂದು ಗೆರೆ ಜಾಗ ಬಿಡ್ಬೇಕು. 'ಇವತ್ತು ನೋಡಿದೀನಿ, ಒಂದು ಬಂತು' ಅಂತ ಬರೆಯೋಕೆ. ಯಾವ ಯಂತ್ರ ಆದ್ರೂ ಆಗ್ಲಿ. ಈ ತುಂಡಿನ ಸರದಿ ಮತ್ತೆ ಬರೋದು ಹನ್ನೆರಡು ವರ್ಷಕ್ಕೆ, ಅಲ್ಲೀವರೆಗೆ ಆ ಮೂವತ್ನಾಲ್ಕನ್ನ ಯಾರೂ ಅಳೆಯಲ್ಲ. ಅಷ್ಟೊತ್ತಿಗೆ ನಾನು ಇರಲ್ಲ ಈ ಕೆಲಸದಲ್ಲಿ. ಯಾರು ಬರ್ತಾರೋ, ಮೊದಲು ನಲವತ್ತೈದು ಒತ್ತಿ ನೋಡ್ಕೊಳ್ಲಿ. ಆಮೇಲೆ ಮೇಲ್ಬದೀಲಿ ನಿಂತು ಅಳೀಲಿ. ಅಷ್ಟು ಸಾಕು ನಂಗೆ."